ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ

ಪ್ರಶ್ನೆ: ಲಕ್ವಾ ಹೊಡೆದ ಮೇಲೆ ನಮ್ಮತ್ತೆಗೆ ಮೂಗಿನ ಟ್ಯೂಬಿನಲ್ಲೇ ಊಟ, ಔಷಧಿ. ಮಾತ್ರೆಗಳನ್ನೆಲ್ಲ ಒಟ್ಟಿಗೆ ಪುಡಿ ಮಾಡಿ ಗಂಜಿಯಲ್ಲಿ ಕಲಸಿ ಕೊಡುತ್ತಿದ್ದೆ. ಟ್ಯೂಬ್ ಕಟ್ಟಿಕೊಂಡಿತು. ಹಾಗೆ ಕೊಡಬಾರದಿತ್ತು ಎಂದರು ಆಸ್ಪತ್ರೆಯಲ್ಲಿ. ಅವರಿಗೆ ನನ್ನಿಂದಲೇ ಕೆಡುಕಾಯಿತೇ?

ಉತ್ತರ: ಎಷ್ಟು ದಿನದಿಂದ ಈ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಿರೋ! ಅತ್ತೆಯ ಜೀವ ನಿಮ್ಮ ಕೈಯಲ್ಲಿದೆ ಅನ್ನಿಸಿದಾಗ ಕೈ ನಡುಗದೆ ಇದ್ದೀತೇ? ಆದರೆ ಇದು ನಿಮ್ಮ ಅಸಡ್ಡೆಯಲ್ಲ. ದಾದಿಯರು ತರಬೇತಿ ಪಡೆದು ಮಾಡುವ ಕೆಲಸವನ್ನು, ಯಾರೂ ಸರಿಯಾಗಿ ಹೇಳಿಕೊಡದೆ, ನಿಮ್ಮ ತಲೆಗೆ ಕಟ್ಟಿದ್ದಾರೆ. ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಔಷಧಿ ಚೀಟಿ, ಮಾತ್ರೆಗಳ ಪಟ್ಟಿ ಎರಡನ್ನೂ ಹಿಡಿದು ಡಾಕ್ಟರ ಬಳಿ ಹೋಗಿ. 'ಟ್ಯೂಬಿನಲ್ಲಿ ಕೊಡಲು ಆಗುವಂತೆ ಬರೆದುಕೊಡಿ' ಎಂದು ಕೇಳಿ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಯ ಹೊದಿಕೆ ಒಡೆದರೆ ಹೊಟ್ಟೆಯ ಆಮ್ಲದಲ್ಲೇ ಅದು ಹಾಳಾಗುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಟ್ಯೂಬಿನ ಆಹಾರದ ಜೊತೆ ಹೋದರೆ ಮೈಗೆ ಹತ್ತುವುದು ಕಡಿಮೆಯಾಗಬಹುದು. ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಕೇಳಿ. ಸಿರಪ್ಪಿಗೆ ಬದಲಿಸಿದರೆ ಎಷ್ಟು ಎಂಎಲ್ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ, ಮಾತ್ರೆಯ ಲೆಕ್ಕ ಅದಕ್ಕೆ ಹೊಂದದಿರಬಹುದು. ಅಲ್ಲಿಯವರೆಗೆ ಯಾವ ಔಷಧಿಯನ್ನೂ ನೀವಾಗಿ ನಿಲ್ಲಿಸಬೇಡಿ. ಅನುಮಾನ ಬಂದರೆ ಅಂದೇ ಫೋನ್ ಮಾಡಿ.

ಪುಡಿ ಮಾಡಬಹುದು ಎಂದ ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು, ನೀರಿನಲ್ಲಿ ಕದಡಿ ಕೊಡಿ. ಗಂಜಿಯಲ್ಲಿ ಕಲಸುವುದು ಬೇಡ. ಮೊದಲೂ ಕೊನೆಗೂ ಸಾಮಾನ್ಯವಾಗಿ 15ರಿಂದ 30 ಎಂಎಲ್ ನೀರು ಬಿಡುತ್ತಾರೆ, ನಡುನಡುವೆ ಸ್ವಲ್ಪ. ನೀರು ಕಡಿಮೆ ಕೊಡಬೇಕೆಂದು ಹೇಳಿದ್ದರೆ ಈ ಅಳತೆಯನ್ನೂ ಕೇಳಿ. ತಲೆಯ ಕಡೆ ಎತ್ತರಿಸಿರಲಿ. ಟ್ಯೂಬ್ ಜಾರಿದಂತಿದ್ದರೆ ಏನನ್ನೂ ಬಿಡದೆ ದಾದಿಯನ್ನು ಕರೆಯಿರಿ. ಕೆಮ್ಮು, ಏದುಸಿರು ಶುರುವಾದರೆ ಅಲ್ಲಿಗೇ ನಿಲ್ಲಿಸಿ 108ಕ್ಕೆ ಕರೆ ಮಾಡಿ.

ಇದನ್ನೆಲ್ಲ ಹಾಳೆಯಲ್ಲಿ ಬರೆದು ಮಂಚದ ಬಳಿ ಅಂಟಿಸಿ. ಆಗ ರಾತ್ರಿಯ ಔಷಧಿ ನಿಮ್ಮ ಯಜಮಾನರೂ ಕೊಡಬಹುದು. ದಾದಿಯ ಎದುರು ಅವರೂ ಒಮ್ಮೆ ಕಲಿಯಲಿ. ನಿದ್ದೆ ಬಾರದೆ ಅದೇ ಯೋಚನೆ ಕಾಡುತ್ತಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.