ಇಗರ್ಜಿಯೊಳಗೆ ಮನೆಗಳು

ಮುಂಬಯಿಯ ಕೋಟೆ ಭಾಗದ ಹಳೆಯ ಕಲ್ಲಿನ ಕಟ್ಟಡಗಳನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಕಂಡಿದ್ದಾರೆ. ಅವುಗಳ ಒಡೆಯರು ಕೂಡ ಅವನ್ನು ಮನಬಂದಂತೆ ಕೆಡವುವಂತಿಲ್ಲ. 1995ರ ನಿಯಮಗಳು ಈ ನಗರದ ಪಾರಂಪರಿಕ ಕಟ್ಟಡಗಳಿಗೆ ರಕ್ಷಣೆಯನ್ನು ಒದಗಿಸಿವೆ. ಆದರೆ ಕಟ್ಟಡವು ಗಟ್ಟಿಯಾಗಿದ್ದು, ಅದನ್ನು ಬಳಸುವ ಜನರೇ ಇಲ್ಲವಾದರೆ ಏನು ಮಾಡಬೇಕು? ಅಮೆರಿಕದ ಬಾಸ್ಟನ್ ನಗರದಲ್ಲಿ ಇಂಥದೇ ಪ್ರಶ್ನೆ ಎದ್ದಿತ್ತು. ಅದಕ್ಕೆ ದೊರೆತ ಉತ್ತರವನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ಬಾಸ್ಟನ್ನಿನ ಸೌತ್ ಎಂಡ್ ಎಂಬ ಬಡಾವಣೆಯು ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆಯ ಸಾಲುಮನೆಗಳಿಗೆ ಹೆಸರಾದುದು. ಜರ್ಮನಿಯಿಂದ ವಲಸೆ ಬಂದ ಕ್ಯಾಥೊಲಿಕರು 1844ರಲ್ಲಿ ಆ ನಗರದಲ್ಲಿ ತಮ್ಮದೇ ಧರ್ಮಸಭೆಯನ್ನು ಸ್ಥಾಪಿಸಿಕೊಂಡರು. 1870ರ ದಶಕದಲ್ಲಿ ಅವರಿಗಾಗಿ ಕಲ್ಲಿನ ಹೋಲಿ ಟ್ರಿನಿಟಿ ಇಗರ್ಜಿ ಎದ್ದುನಿಂತಿತು. ಅದರ ವಾಸ್ತುಶಿಲ್ಪಿ ಪ್ಯಾಟ್ರಿಕ್ ಕೀಲಿ. ಪರಸ್ಥಳದಲ್ಲಿ ತಮ್ಮ ನುಡಿಯನ್ನಾಡುವವರು ಒಂದೆಡೆ ಸೇರುವ ನೆಲೆ ಅದಾಗಿತ್ತು. ಕಾಲಕ್ರಮದಲ್ಲಿ ಬರುವವರು ವಿರಳರಾದರು. 2008ರಲ್ಲಿ ಇಗರ್ಜಿಯ ಬಾಗಿಲು ಮುಚ್ಚಿತು.

ಆ ಬಡಾವಣೆಯನ್ನು 1983ರಲ್ಲಿಯೇ ಸಂರಕ್ಷಿತ ಪ್ರದೇಶವೆಂದು ಸಾರಲಾಗಿತ್ತು. ಅಲ್ಲಿ ಬೀದಿಗೆ ಕಾಣುವ ಹೊರಭಾಗವನ್ನು ಬದಲಿಸಬೇಕಾದರೆ ಅದಕ್ಕಾಗಿ ನೇಮಕವಾದ ಮಂಡಲಿಯ ಒಪ್ಪಿಗೆ ಬೇಕು. ಕಟ್ಟಡದ ಒಳಭಾಗಕ್ಕೆ ಈ ಕಟ್ಟಳೆ ಅನ್ವಯಿಸದು. ಈ ಭೇದವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಇಗರ್ಜಿಯನ್ನು ಮನೆಗಳನ್ನಾಗಿ ಮಾರ್ಪಡಿಸುವುದು ಸುಲಭದ ಕಾರ್ಯವಲ್ಲ. ಇಗರ್ಜಿಯೆಂದರೆ ಬಹು ಎತ್ತರದ ಒಂದೇ ಹಜಾರ. ಮನೆಗಳಿಗಾದರೋ ಹಲವು ಅಂತಸ್ತುಗಳೂ ಮೆಟ್ಟಿಲುಗಳೂ ನೀರಿನ ಕೊಳವೆಗಳೂ ಬೇಕು. ನಡುವೆ ಅಂತಸ್ತುಗಳನ್ನು ಹಾಕಿದರೆ ನೀಳವಾದ ಕಿಟಕಿಗಳು ತುಂಡಾದಂತೆ ಕಾಣುತ್ತವೆ. ಹಳೆಯ ಗೋಡೆಗಳ ಮೇಲೆ ಹೊಸ ಭಾರವನ್ನೆಲ್ಲ ಹೊರಿಸುವುದು ಕ್ಷೇಮವಲ್ಲ. ಚಾವಣಿಯನ್ನು ತೆಗೆದೊಡನೆ ಎತ್ತರದ ಗೋಡೆಗಳಿಗೆ ಮೇಲಿನ ಆಸರೆ ತಪ್ಪುತ್ತದೆ. ಹೊಸ ಚೌಕಟ್ಟಿಗೆ ಅವನ್ನು ಬಿಗಿಯುವವರೆಗೆ ಗಾಳಿಗೆ ಬೀಳದಂತೆ ಊರೆ ಕೊಡಬೇಕಾಗುತ್ತದೆ.

ಬಾಸ್ಟನ್ನಿನಲ್ಲಿ ಕಲ್ಲಿನ ಹೊರಗೋಡೆಗಳನ್ನು ಉಳಿಸಿ, ಒಳಗೆ ಉಕ್ಕಿನ ಚೌಕಟ್ಟನ್ನು ನಿಲ್ಲಿಸಿದರು. ಗಾಜಿನ ಹೊಸ ಅಂತಸ್ತುಗಳು ಹಳೆಯ ಗೋಡೆಗಳನ್ನು ಮೀರಿ ಮೇಲಕ್ಕೆ ಬೆಳೆದಿವೆ. ಬಾಗಿಲು ಮುಚ್ಚಿದ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿ 33 ಮನೆಗಳು ಸಿದ್ಧವಾದವು. ಅವು ಉಳ್ಳವರು ಕೊಳ್ಳಬಲ್ಲ ಮನೆಗಳು.

ಇದರಿಂದ ಲಾಭವೇ ಆಯಿತೆ? ಆಗಿದೆ. ಬೀದಿಯು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ. ಹಿಂದಿನವರು ಕೂಡಿಸಿದ ಕಲ್ಲು ಕಸದ ರಾಶಿಯಾಗಲಿಲ್ಲ. ಪಾಳುಬೀಳಬಹುದಾಗಿದ್ದ ಸ್ಥಳದಲ್ಲಿ ದೀಪ ಹೊತ್ತಿದೆ. ನಷ್ಟವೂ ಆಗಿದೆ. ನೂರಾರು ಜನ ಒಂದೇ ಸೂರಿನಡಿ ಕೂಡುತ್ತಿದ್ದ ಹಜಾರ ಇಂದಿಲ್ಲ. ಎಲ್ಲರಿಗೂ ತೆರೆದಿದ್ದ ಬಾಗಿಲು ಕೆಲವರ ಮನೆಬಾಗಿಲಾಗಿದೆ. ಕಾನೂನು ಕಲ್ಲನ್ನು ಕಾಯಬಲ್ಲುದು. ಅದರೊಳಗೆ ಕೂಡುವ ಸಭೆಯನ್ನು ಕಾಯಲಾರದು. ಅದು ಜನರಿಂದಲೇ ಆಗಬೇಕಾದ ಕೆಲಸ.

ಈ ಮಾತು ನಮಗೂ ಸಲ್ಲುತ್ತದೆ. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮ ಹಿರಿಯರೂ ದುಡಿಮೆಯಲ್ಲಿ ಉಳಿಸಿದ ಕಾಸನ್ನು ಕೂಡಿಸಿ ಸಂಘಗಳನ್ನೂ ಶಾಲೆಗಳನ್ನೂ ಕಟ್ಟಿದರು. ಇಂದು ನಮ್ಮ ತರಗತಿಗಳಲ್ಲಿ ಬರಿದಾದ ಬೆಂಚುಗಳನ್ನು ನಾವು ಕಾಣುತ್ತಿದ್ದೇವೆ. ಗೋಡೆಗಳು ಬಿರಿಯುವುದಕ್ಕೆ ಮೊದಲೇ ಶಾಲೆಯೊಂದು ಇಲ್ಲವಾಗಬಹುದೆಂಬುದನ್ನು ನಾವು ಮರೆಯಬಾರದು.

ಅಭ್ಯಾಸ: ನಿಮ್ಮ ಮನೆಯ ಸಮೀಪದ ಹಳೆಯ ಕಟ್ಟಡವೊಂದನ್ನು ನೋಡಿ ಬನ್ನಿರಿ. ಅದನ್ನು ಯಾರು, ಏತಕ್ಕಾಗಿ ಕಟ್ಟಿದರು, ಇಂದು ಅಲ್ಲಿ ಯಾರು ಕೂಡುತ್ತಾರೆ ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಕನ್ನಡದಲ್ಲಿ ಒಂದು ಪುಟ ಬರೆಯಿರಿ.