ಫ್ಲೈವೀಲ್‌ಗೆ ಪಾನಾ ಹಚ್ಚುವ ಮುನ್ನ

ಕಬ್ಬಿನ ಹಂಗಾಮು ಮುಗಿಯಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಲಾರಿಗಳಿಗೆ ರಿಪೇರಿಯ ಕಾಲ. ತಿಂಗಳುಗಟ್ಟಲೆ ಮಿತಿಮೀರಿ ಹೇರಿಸಿಕೊಂಡು, ಹೊಲದಿಂದ ಡಾಂಬರಿಗೆ ಏರುವಾಗ ಅರ್ಧ ಕ್ಲಚ್ಚಿನಲ್ಲೇ ಒದ್ದಾಡಿದ ಗಾಡಿಗಳವು. ಕ್ಲಚ್ ಜಾರುತ್ತದೆ, ಹಿಂದಿನ ಆಯಿಲ್ ಸೀಲ್ ಸೋರುತ್ತದೆ, ಸೆಲ್ಫ್ ಹೊಡೆದರೆ ರಿಂಗ್ ಗೇರಿನ ಹಲ್ಲು ಕರಕರ ಎನ್ನುತ್ತದೆ. ಆಗ ನೀವು ಗೇರ್‌ಬಾಕ್ಸ್ ಇಳಿಸಿ ಫ್ಲೈವೀಲ್ ಬಿಚ್ಚುತ್ತೀರಿ. ಬಿಚ್ಚಿ, ಬೇಡ ಎನ್ನುವುದಿಲ್ಲ. ಆದರೆ ಬಿಚ್ಚುವುದಕ್ಕೆ ಮೊದಲು ಭಾರಕ್ಕೆ ಆಧಾರ ಕೊಡಿ.

ಮೊದಲು ನೆಲ ನೋಡಿ. ನಮ್ಮದು ಎರೆ ಸೀಮೆ. ಮೇಲೆ ಗಟ್ಟಿಯಾಗಿ ಕಾಣುವ ಮಣ್ಣು ಜಾಕಿನ ಕೆಳಗೆ ಮೆಲ್ಲಗೆ ಕುಸಿಯುತ್ತದೆ. ಒಂದು ಮಳೆ ಬಿದ್ದಿದ್ದರಂತೂ ಕೇಳುವುದೇ ಬೇಡ. ಜಾಕಿನಡಿ ದಪ್ಪನೆಯ ಹಲಗೆ ಹಾಕಿ, ಗಾಲಿಗಳಿಗೆ ಹಿಂದೆ ಮುಂದೆ ಕಟ್ಟಿಗೆಯ ಅಡೆ ಕೊಡಿ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸ್ಟ್ಯಾಂಡ್ ಇಡದೆ ಗಾಡಿಯಡಿ ನುಸುಳಲೇಬೇಡಿ. ಬ್ಯಾಟರಿಯ ಅರ್ಥ್ ವೈರನ್ನು ಮೊದಲೇ ತೆಗೆದಿಡಿ. ಸ್ಟಾರ್ಟರ್ ಮೋಟಾರು ಕೂತಿರುವುದು ಫ್ಲೈವೀಲನ್ನು ಮುಚ್ಚಿದ ಬೆಲ್ ಹೌಸಿಂಗಿನಲ್ಲೇ. ಪಾನಾ ತಾಗಿ ಕಿಡಿ ಹಾರಬಾರದು, ನಿಮ್ಮ ಬೆರಳು ಹಲ್ಲಿನ ಹತ್ತಿರ ಇರುವಾಗ ಎಂಜಿನ್ ತಿರುಗಲೂಬಾರದು.

ಗೇರ್‌ಬಾಕ್ಸನ್ನು ಕ್ಲಚ್ ಪ್ಲೇಟಿನ ಮೇಲೆ ಜೋತು ಬೀಳಲು ಬಿಡಬೇಡಿ, ಪ್ಲೇಟಿನ ನಡು ಬಾಗುತ್ತದೆ. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಸಡಿಲಿಸಿ. ಒಳಗೆ ಕುಳಿತ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸುವ ಅಭ್ಯಾಸ ಬಹಳ ಜನರಿಗಿದೆ, ಅದನ್ನು ಇವತ್ತೇ ಬಿಡಿ. ಹಳೆಯ ಕ್ಲಚ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇದ್ದೀತು, ಅದು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ. ಪಕ್ಕದಲ್ಲಿ ಕೂತ ಹುಡುಗನ ಮುಖಕ್ಕೂ ಒಂದು ಮಾಸ್ಕ್ ಕಟ್ಟಿಸಿ.

ಇನ್ನು ಫ್ಲೈವೀಲ್. ಟಾಟಾದವರು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿ ಕಟ್ಟತೊಡಗಿದರು. ಟಾಟಾ ಲಾರಿಗಳ ಹಳೆಯ 697 ಎಂಜಿನ್ ಅದೇ ಮನೆತನದ್ದು. ಇಂಥ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಕೊಡುವ ಒಂದೊಂದು ಗುದ್ದನ್ನೂ ನುಂಗಿ ತಿರುವನ್ನು ಸಮ ಮಾಡುವುದು ಈ ಎರಕದ ಚಕ್ರ. ಅದಕ್ಕೇ ಅದಕ್ಕೆ ಅಷ್ಟು ತೂಕ. ಒಬ್ಬರೇ ಎದೆಗೊತ್ತಿ ಹಿಡಿಯುತ್ತೇನೆ ಎನ್ನುವ ಪೌರುಷ ಬೇಡ.

ಬಿಚ್ಚುವ ಮೊದಲು ಕ್ರ್ಯಾಂಕಿಗೂ ಫ್ಲೈವೀಲಿಗೂ ಸೆಂಟರ್ ಪಂಚಿನಿಂದ ಗುರುತು ಹೊಡೆಯಿರಿ. ಬೋಲ್ಟುಗಳನ್ನು ಸಡಿಲಿಸಿ, ಎದುರುಬದುರಿನ ಎರಡನ್ನು ಮೊದಲು ತೆಗೆದು ಆ ತೂತುಗಳಿಗೆ ತಲೆಯಿಲ್ಲದ ಉದ್ದನೆಯ ಸ್ಟಡ್ ಹಾಕಿ. ಉಳಿದ ಬೋಲ್ಟು ತೆಗೆದಾಗ ಚಕ್ರ ಕಾಲ ಮೇಲೆ ಬೀಳದೆ ಸ್ಟಡ್ಡಿನ ಮೇಲೆ ಜಾರಿ ಬರುತ್ತದೆ. ಅಷ್ಟರೊಳಗೆ ಚೈನ್ ಕಪ್ಪಿ ಅಥವಾ ಜಾಕ್ ಹಿಡಿದಿರಲಿ. ಚಕ್ರ ಅಂಟಿಕೊಂಡಿದ್ದರೆ ಘನ ಎತ್ತಬೇಡಿ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಎಳೆಬೋಲ್ಟಿನ ತೂತು ಇದ್ದರೆ ಎರಡೂ ಕಡೆ ಸಮನಾಗಿ ಬಿಗಿಯುತ್ತ ಬನ್ನಿ, ತಾನೇ ಬಿಡುತ್ತದೆ. ಒಂದು ಪೆಟ್ಟಿಗೆ ರಿಂಗ್ ಗೇರಿನ ಹಲ್ಲು ಮುರಿದರೆ ಕೆಲಸ ಎರಡಾಗುತ್ತದೆ.

ಬೆಲ್ ಹೌಸಿಂಗ್ ವಿಷಯದಲ್ಲೇ ನನಗೆ ಹೆಚ್ಚು ಭಯ. ಬಹಳ ಲಾರಿಗಳಲ್ಲಿ ಎಂಜಿನ್ನಿನ ಹಿಂಭಾಗ ಚಾಸಿಸ್ ಮೇಲೆ ಕೂತಿರುವುದೇ ಈ ಹೌಸಿಂಗಿನ ಮೌಂಟಿಂಗ್ ಮೂಲಕ. ಅದರ ಬೋಲ್ಟು ಬಿಚ್ಚಿದರೆ ಎಂಜಿನ್ ಯಾವುದರ ಮೇಲೆ ನಿಲ್ಲಬೇಕು, ಹೇಳಿ? ಮೊದಲೇ ಬ್ಲಾಕಿನ ಹಿಂಭಾಗಕ್ಕೆ ಗಟ್ಟಿ ಆಸರೆ ಕೊಡಿ. ಆಯಿಲ್ ಸಂಪ್‌ಗೆ ಜಾಕ್ ಕೊಡಬೇಡಿ. ತಗಡು ಒಳಸರಿದು ಆಯಿಲ್ ಸ್ಟ್ರೈನರಿಗೆ ಒತ್ತಿದರೆ ಎಂಜಿನ್ನಿಗೆ ಎಣ್ಣೆಯೇ ಏರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಸಂಪಿನ ಹಿಂದಿನ ಬೋಲ್ಟುಗಳೂ ಹೌಸಿಂಗಿಗೇ ಇರುತ್ತವೆ, ಅವನ್ನು ಮರೆತು ಸಬ್ಬಲ್ ಹಾಕಿ ಮೀಟಿದರೆ ಎರಕ ಸೀಳುತ್ತದೆ. ಬರಲಿಲ್ಲ ಎಂದರೆ ಎಲ್ಲೋ ಒಂದು ಬೋಲ್ಟು ಉಳಿದಿದೆ ಎಂದುಕೊಂಡು ಕೈಯಾಡಿಸಿ ಹುಡುಕಿ. ಆತುರಗಾರನಿಗೆ ಬುದ್ಧಿ ಮಟ್ಟ.

ಬೋಲ್ಟುಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿಯುತ್ತೀರಲ್ಲ, ಅದು ಒಳ್ಳೆಯದಲ್ಲ. ಉದ್ದದಲ್ಲಿ ವ್ಯತ್ಯಾಸವಿರುತ್ತದೆ. ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ತೂತು ಮಾಡಿ, ಯಾವ ಜಾಗದ ಬೋಲ್ಟು ಅದೇ ಜಾಗಕ್ಕೆ ಚುಚ್ಚಿಡಿ. ಡೋವೆಲ್ ಪಿನ್ನು ಕಳೆಯಬೇಡಿ. ಅದಿಲ್ಲದೆ ಹೌಸಿಂಗ್ ಕೂಡಿಸಿದರೆ ಗೇರ್‌ಬಾಕ್ಸ್ ನೇರ ಕೂರದೆ ಬೇರಿಂಗ್ ತಿನ್ನುತ್ತದೆ.

ಇಷ್ಟು ಬಿಚ್ಚಿದ ಮೇಲೆ ಆಯಿಲ್ ಸೀಲಿಗೂ ಪೈಲಟ್ ಬೇರಿಂಗಿಗೂ ಜಿಪುಣತನ ಬೇಡ, ಹೊಸದೇ ಹಾಕಿ. ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಕಂಡರೆ ಲೇಥಿನವರಿಗೆ ತೋರಿಸಿ; ಆಳವಾದ ಬಿರುಕಿದ್ದರೆ ಉಜ್ಜಿಸಿ ನಡೆಸುತ್ತೇನೆ ಎನ್ನಬೇಡಿ. ವೇಗದಲ್ಲಿ ಒಡೆದ ಚಕ್ರಕ್ಕೆ ಕ್ಯಾಬಿನ್ನಿನ ತಗಡು ಅಡ್ಡಿಯಲ್ಲ. ಮರಳಿ ಕೂಡಿಸುವಾಗ ಟಾರ್ಕ್ ಪಾನಾ ಬಳಸಿ, ನಿಮ್ಮ ಎಂಜಿನ್ನಿನ ಪುಸ್ತಕ ಹೇಳಿದಷ್ಟೇ ಬಿಗಿಯಿರಿ. ಬ್ಯಾಟರಿ ವೈರ್ ಜೋಡಿಸುವುದಕ್ಕೆ ಮುಂಚೆ ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲೂ ತಾಗುವ ಸದ್ದಿಲ್ಲ ಎಂದು ಕಿವಿಗೊಟ್ಟು ಕೇಳಿ.