ಸನ್ಯಾಸಿಗಳಿಲ್ಲದ ಮಠಗಳಿಗೆ ಒಂದು ಕಾರು, ಒಬ್ಬ ಗೈಡು

ಲಿಸ್ಬನ್ನಿನ ಟೂರ್ ಕಂಪನಿಗಳು ಮಾರುವ ಒಂದು ದಿನದ ಪ್ರವಾಸದಲ್ಲಿ ನಾಲ್ಕೈದು ಊರುಗಳನ್ನು ತುರುಕಿರುತ್ತಾರೆ: ಒಬಿದುಸ್, ಅಲ್ಕೊಬಾಸಾ, ನಜಾರೆ, ಬಟಾಲ್ಯಾ, ಫಾತಿಮಾ. ಬೆಳಗ್ಗೆ ಹತ್ತಿಸಿಕೊಂಡು ಸಂಜೆ ತಂದು ಇಳಿಸುತ್ತಾರೆ. ದಾರಿಯ ಹೊತ್ತು, ಊಟದ ಹೊತ್ತು ಕಳೆದರೆ ಒಂದೊಂದು ಮಠಕ್ಕೆ ಸಿಗುವುದು ಮುಕ್ಕಾಲು ಗಂಟೆ. ಅಷ್ಟೇ ಆದರೆ ಬಸ್ಸಿನ ಸೀಟು ಸಾಕು, ಖಾಸಗಿ ಕಾರಿಗೂ ಗೈಡಿಗೂ ದುಡ್ಡು ಸುರಿಯಬೇಕಿಲ್ಲ. ಖಾಸಗಿ ಪ್ರವಾಸ ಮಾಡುವುದೇ ಗಡಿಯಾರ ನಮ್ಮ ಕೈಯಲ್ಲಿರಲಿ ಅಂತ. ಪೋರ್ಚುಗಲ್ಲಿನ ಹಳೆಯ ಮಠಗಳನ್ನು ನೋಡಬೇಕೆಂದಿದ್ದರೆ ದಿನಕ್ಕೆ ಎರಡೇ ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಆ ಎರಡು, ಅಲ್ಕೊಬಾಸಾ ಮತ್ತು ತೊಮಾರ್.

ಒಂದು ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಸನ್ಯಾಸಿಗಳು ಕಾಣಸಿಗುವುದಿಲ್ಲ. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿ ಪಂಥಗಳನ್ನು ರದ್ದು ಮಾಡಿ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡಿತು. ಗಂಡಸರ ಮಠಗಳ ಕಥೆ ಅಲ್ಲಿಗೆ ಮುಗಿಯಿತು. ಸನ್ಯಾಸಿನಿಯರ ಕಾನ್ವೆಂಟುಗಳನ್ನು ಕೂಡಲೇ ಮುಚ್ಚಲಿಲ್ಲ, ಆದರೆ ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ಕಟ್ಟಪ್ಪಣೆಯಾಯಿತು. ಕೊನೆಯ ಸನ್ಯಾಸಿನಿ ತೀರಿಕೊಂಡ ಮೇಲೆ ಬಾಗಿಲಿಗೆ ಬೀಗ. ಹೀಗಾಗಿ ಈಗ ನೋಡುವುದು ಖಾಲಿ ಮನೆಗಳನ್ನು. ಖಾಲಿ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು, ಎಲ್ಲಿ ಉಣ್ಣುತ್ತಿದ್ದರು, ಎಲ್ಲಿ ಮಾತಾಡಬಾರದಿತ್ತು ಎಂದು ಹೇಳುವವರು ಬೇಕೇ ಬೇಕು. ಗೈಡಿನ ಖರ್ಚು ದಂಡವಲ್ಲ ಎನ್ನುವುದು ಅದಕ್ಕೇ.

ಬುಕ್ ಮಾಡುವಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಕಾರು ಓಡಿಸುವವರೇ ಗೈಡೋ, ಅವರು ನಮ್ಮ ಜೊತೆ ಒಳಗೆ ಬರುತ್ತಾರೋ? ಅನೇಕರು ದಾರಿಯುದ್ದಕ್ಕೂ ಚೆನ್ನಾಗಿ ಕಥೆ ಹೇಳಿ, ಬಾಗಿಲ ಬಳಿ ಇಳಿಸಿ, "ಒಂದು ಗಂಟೆ ಬಿಟ್ಟು ಇಲ್ಲೇ ಸಿಗುತ್ತೇನೆ" ಎಂದು ಕಾಫಿಗೆ ಹೋಗಿಬಿಡುತ್ತಾರೆ. ಒಳಗೆ ಬರುವ ಗೈಡ್ ಬೇಕೆಂದು ಈಮೇಲಿನಲ್ಲಿ ಬರೆಸಿಕೊಳ್ಳಿ. ಟಿಕೆಟ್, ಹೆದ್ದಾರಿ ಟೋಲ್, ಪಾರ್ಕಿಂಗ್ ಹೇಳಿದ ದರದಲ್ಲಿ ಸೇರಿವೆಯೇ ಎಂಬುದನ್ನೂ ಅದರಲ್ಲೇ ಖಚಿತ ಮಾಡಿಕೊಳ್ಳಿ. ದರ ಸಾಮಾನ್ಯವಾಗಿ ಗಾಡಿಗೆ, ತಲೆಗಲ್ಲ. ನಾಲ್ಕೈದು ಜನರ ಕುಟುಂಬವಾದರೆ ಹಂಚಿಕೊಂಡಾಗ ಅಷ್ಟೇನೂ ಭಾರವಾಗುವುದಿಲ್ಲ, ಒಬ್ಬರೇ ಹೊರಟರೆ ದುಬಾರಿ.

ಲಿಸ್ಬನ್ನಿನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ಹೋದರೆ ಅಲ್ಕೊಬಾಸಾ. ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಹೆನ್ರಿಕೆಸ್ 1153ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳಿಗೆ ಕೊಟ್ಟ ನೆಲ ಇದು. ಮುಂಭಾಗದ ಅಲಂಕಾರವೆಲ್ಲ ಆಮೇಲೆ ಸೇರಿದ್ದು. ಒಳಗೆ ಕಾಲಿಟ್ಟರೆ ಬೇರೆಯೇ ಲೋಕ: ನೂರು ಮೀಟರಿಗೂ ಉದ್ದದ ಬೋಳು ಬೋಳು ಬಿಳಿ ಕಲ್ಲಿನ ಹಜಾರ, ಚಿತ್ರವಿಲ್ಲ, ಚಿನ್ನವಿಲ್ಲ. ಆಡಂಬರ ಬೇಡವೆಂಬುದು ಆ ಪಂಥದ ನಿಯಮವಾಗಿತ್ತು.

ಹಜಾರದ ಕೊನೆಗೆ ಎಡಬಲಗಳಲ್ಲಿ ಎರಡು ಕಲ್ಲಿನ ಸಮಾಧಿಗಳಿವೆ, ಪೆದ್ರೊ ದೊರೆಯದು ಮತ್ತು ಇನೆಸ್ ದೆ ಕಾಸ್ತ್ರೊಳದು. ರಾಜಕುಮಾರ ಪೆದ್ರೊ ಪ್ರೀತಿಸಿದ ಇನೆಸಳನ್ನು ಅವನ ಅಪ್ಪ ನಾಲ್ಕನೇ ಅಫೊನ್ಸೊ 1355ರಲ್ಲಿ ಕೊಲ್ಲಿಸಿದ. ಪಟ್ಟಕ್ಕೆ ಬಂದ ಮೇಲೆ ಪೆದ್ರೊ ಅವಳ ದೇಹವನ್ನು ಇಲ್ಲಿಗೆ ತರಿಸಿದ. ಸಮಾಧಿಗಳನ್ನು ಪಾದಕ್ಕೆ ಪಾದ ಎದುರಾಗುವಂತೆ ಇಟ್ಟಿದ್ದಾರೆ. ಅಂತಿಮ ತೀರ್ಪಿನ ದಿನ ಎದ್ದು ಕೂತಾಗ ಮೊದಲು ಕಾಣುವುದು ಪರಸ್ಪರರ ಮುಖವೇ ಆಗಲಿ ಎಂದು. ಇಷ್ಟನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ನೀವು ಬಗ್ಗಿ ಇನೆಸಳ ಸಮಾಧಿಯ ಬುಡ ನೋಡಿ. ಇಡೀ ಭಾರವನ್ನು ಹೊತ್ತು ಮುದುರಿ ಕೂತ ಪ್ರಾಣಿಗಳಿಗೆ ಮನುಷ್ಯರ ಮುಖಗಳಿವೆ. ಅವು ಅವಳನ್ನು ಕೊಂದವರ ಮುಖಗಳೆಂದು ಪ್ರತೀತಿ. ಕೆತ್ತನೆಯಲ್ಲಿ ಅಲ್ಲಲ್ಲಿ ಒಡೆದ ಗುರುತುಗಳಿವೆ. ನೆಪೋಲಿಯನ್ ಕಾಲದಲ್ಲಿ ನುಗ್ಗಿದ ಫ್ರೆಂಚ್ ಸೈನಿಕರ ಕೆಲಸ ಅದು.

ಅಡುಗೆಮನೆಯನ್ನು ಮಾತ್ರ ತಪ್ಪಿಸಬೇಡಿ. ಧರ್ಮಸ್ಥಳದ ಅನ್ನಪೂರ್ಣ ಛತ್ರದ ಅಡುಗೆಮನೆ ಕಂಡವರಿಗೆ ಇಲ್ಲಿಯ ಲೆಕ್ಕಾಚಾರ ತಟ್ಟನೆ ಅರ್ಥವಾಗುತ್ತದೆ. ನಡುವೆ ಕಬ್ಬಿಣದ ಕಂಬಗಳ ಮೇಲೆ ನಿಂತ, ಬಿಳಿ ಟೈಲ್ಸ್ ಹೊದೆಸಿದ ಭಾರೀ ಚಿಮಣಿ. ಕೆಳಗೆ ನಿಂತು ತಲೆಯೆತ್ತಿದರೆ ಆಕಾಶದ ಚೂರು ಕಾಣುತ್ತದೆ. ಅಲ್ಕೊವಾ ನದಿಯಿಂದ ಕಾಲುವೆ ತೆಗೆದು ಹರಿಯುವ ನೀರನ್ನು ಅಡುಗೆಮನೆಯ ಒಳಕ್ಕೇ ತಂದಿದ್ದಾರೆ. ಊಟದ ಮನೆಯ ಕಿರಿದಾದ ಬಾಗಿಲಲ್ಲಿ ತೂರಲಾಗದಷ್ಟು ದಪ್ಪಗಾದ ಸನ್ಯಾಸಿಗೆ ಉಪವಾಸ ಹಾಕುತ್ತಿದ್ದರು ಎಂಬ ಕಥೆಯನ್ನೂ ಗೈಡ್ ಹೇಳದೆ ಬಿಡುವುದಿಲ್ಲ. ನಕ್ಕು ಮುಂದೆ ಹೋಗಿ. ಇಲ್ಲಿಗೆ ಎರಡು ಗಂಟೆ ಬೇಕು.

ಬಟಾಲ್ಯಾ ಇಲ್ಲಿಂದ ಇಪ್ಪತ್ತು ಕಿ.ಮೀ. ಅಷ್ಟೇ. 1385ರ ಅಲ್ಜುಬರೊಟಾ ಯುದ್ಧ ಗೆದ್ದ ಹರಕೆಗೆ ಒಂದನೇ ಜುವಾಂವ್ ಕಟ್ಟಿಸಲು ತೊಡಗಿದ ಮಠ. ಕೆತ್ತನೆ ಇಷ್ಟವಿದ್ದರೆ, ಚಾವಣಿಯೇ ಇಲ್ಲದೆ ನಿಂತಿರುವ ಅದರ ಅಪೂರ್ಣ ಗುಡಿಗಳಿಗಾಗಿ ಹೋಗಬಹುದು. ಆದರೆ ಅದಕ್ಕಾಗಿ ತೊಮಾರ್ ಬಿಡುವುದಾದರೆ ಬೇಡ.

ತೊಮಾರಿನಲ್ಲಿರುವುದು ಯುದ್ಧ ಮಾಡುತ್ತಿದ್ದ ಸನ್ಯಾಸಿಗಳ ಮನೆ. ಟೆಂಪ್ಲರ್ ಪಂಥದವರು 1160ರಲ್ಲಿ ಗುಡ್ಡದ ಮೇಲೆ ಕೋಟೆ ಕಟ್ಟತೊಡಗಿದರು. ಯುರೋಪಿನಲ್ಲಿ ಆ ಪಂಥವನ್ನು ಮುಗಿಸಿದಾಗ ಪೋರ್ಚುಗಲ್ಲಿನ ದೊರೆ ಜಾಣತನ ಮಾಡಿದ: 1319ರಲ್ಲಿ ಕ್ರಿಸ್ತ ಪಂಥವೆಂಬ ಹೊಸ ಹೆಸರಿಟ್ಟು, ಹಳಬರ ಆಸ್ತಿಯನ್ನು ಅದಕ್ಕೇ ವರ್ಗ ಮಾಡಿಸಿದ. ಮುಂದೆ ರಾಜಕುಮಾರ ಹೆನ್ರಿ ಈ ಪಂಥದ ಆಡಳಿತಗಾರನಾಗಿ, ಇದರ ಹಣದಿಂದ ಆಫ್ರಿಕಾ ಕರಾವಳಿಗೆ ಹಡಗು ಕಳಿಸಿದ. ಆ ದಾರಿಯನ್ನೇ ಹಿಡಿದು 1498ರಲ್ಲಿ ಕಲ್ಲಿಕೋಟೆ ಮುಟ್ಟಿ, ಹಿಂದಿರುಗುವಾಗ ನಮ್ಮ ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ಲಂಗರು ಹಾಕಿದ ವಾಸ್ಕೊ ಡ ಗಾಮನ ಹಾಯಿಗಳ ಮೇಲೆ ಇದ್ದದ್ದು ಈ ಪಂಥದ ಕೆಂಪು ಶಿಲುಬೆ. ಉತ್ತರ ಕನ್ನಡದವರು ತೊಮಾರಿನಲ್ಲಿ ತುಸು ಹೆಚ್ಚು ಹೊತ್ತು ನಿಂತರೆ ತಪ್ಪಿಲ್ಲ.

ಹದಿನಾರು ಮುಖದ ದುಂಡನೆಯ ಪೂಜಾಮಂದಿರ ಶರೋಲಾ, ಎಂಟು ಅಂಗಳಗಳು, ಎಲ್ಲವನ್ನೂ ನೋಡಿ. ಆದರೆ ಗೈಡಿಗೆ ಹೇಳಿ ಸಾಂತಾ ಬಾರ್ಬರಾ ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಎದುರಿಗಿರುವ ಕಿಟಕಿಯ ಚೌಕಟ್ಟಿನಲ್ಲಿ ಹಡಗಿನ ಹಗ್ಗ, ಗಂಟು, ಹವಳ, ಸಮುದ್ರದ ಪಾಚಿ, ಎಲ್ಲ ಕಲ್ಲಿನಲ್ಲಿ. ಮೇಲೆ ಅದೇ ಶಿಲುಬೆ. ಮೆಟ್ಟಿಲುಗಳು ಸವೆದಿವೆ, ಕೆಲವೆಡೆ ಜಾರುತ್ತವೆ. ಮಂಡಿನೋವಿನ ಹಿರಿಯರಿದ್ದರೆ ಮೊದಲೇ ಗೈಡಿಗೆ ತಿಳಿಸಿ, ಕಾರನ್ನು ಗುಡ್ಡದ ಮೇಲಿನವರೆಗೆ ಒಯ್ಯಬಹುದು. ಬೇಸಿಗೆಯಲ್ಲೂ ಕಲ್ಲಿನ ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಕೈಗೆ ಸಿಗುವಂತಿರಲಿ.

ಸನ್ಯಾಸಿನಿಯರ ಮನೆ ನೋಡಬೇಕೆಂದರೆ ಇನ್ನೊಂದು ದಿನ ಬೇಕು, ಕೊಯಿಂಬ್ರಾಕ್ಕೆ. ಅಲ್ಲಿಯ ಹಳೆಯ ಸಾಂತಾ ಕ್ಲಾರಾ ಕಾನ್ವೆಂಟಿಗೆ ಮೊಂಡೆಗೊ ನದಿ ಮತ್ತೆ ಮತ್ತೆ ನುಗ್ಗಿ, 1677ರಲ್ಲಿ ಸನ್ಯಾಸಿನಿಯರು ಸೋತು ಎದುರಿನ ಗುಡ್ಡ ಹತ್ತಿದರು. ಹೂಳಿನಲ್ಲಿ ಹುಗಿದಿದ್ದ ಕಟ್ಟಡವನ್ನು ಅಗೆದು ತೆಗೆದಾಗ ಚೀನಾದ ಪಿಂಗಾಣಿಯೂ ಸಿಕ್ಕಿತು, ಬಡತನದ ವ್ರತ ತೊಟ್ಟವರ ಮನೆಯಲ್ಲಿ! ಇನೆಸಳನ್ನು ಮೊದಲು ಹೂಳಿದ್ದು ಇಲ್ಲೇ.

ಊಟದ ವಿಷಯ. ಕಾನ್ವೆಂಟ್ ಸಿಹಿಗಳೆಂದು ಅಂಗಡಿಯಲ್ಲಿ ಹೊಳೆಯುವ ಹಳದಿ ತಿಂಡಿಗಳೆಲ್ಲ ಮೊಟ್ಟೆಯ ಹಳದಿ ಮತ್ತು ಸಕ್ಕರೆಯ ಪಾಕ. ಬಿಳಿಯ ಭಾಗ ಬಟ್ಟೆಗೆ ಗಂಜಿ ಹಾಕಲು ಹೋಗುತ್ತಿತ್ತು, ಉಳಿದ ಹಳದಿಯಿಂದ ಸಿಹಿ ಹುಟ್ಟಿತು ಎನ್ನುತ್ತಾರೆ. ಕೆಲವಕ್ಕೆ ಹಂದಿ ಕೊಬ್ಬನ್ನೂ ಹಾಕುತ್ತಾರೆ. ಸಸ್ಯಾಹಾರಿಗಳು ಮೊಟ್ಟೆಯೊಂದನ್ನೇ ಅಲ್ಲ, "ಬಾನ್ಯಾ" ಇದೆಯೇ ಎಂದೂ ಕೇಳಬೇಕು. ಕಾಲ್ದು ವೆರ್ದ್ ಎಂಬ ಸೊಪ್ಪಿನ ಸಾರಿನಲ್ಲೂ ಸಾಸೇಜಿನ ಚೂರು ಬೀಳುತ್ತದೆ, ಬೇಡವೆಂದು ಮೊದಲೇ ಹೇಳಿಸಿ. ಸಣ್ಣ ಊರುಗಳಲ್ಲಿ ಮೂರು ಗಂಟೆಯ ಮೇಲೆ ಅಡುಗೆಮನೆ ಮುಚ್ಚುತ್ತಾರೆ. ಒಂದು ಗಂಟೆಗೇ ಊಟಕ್ಕೆ ಕೂತುಬಿಡಿ. ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇದ್ದರೆ ಯಾರ ಹಂಗೂ ಇಲ್ಲ.

ತೊಮಾರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ತಬುಲೈರುಸ್ ಜಾತ್ರೆ ಕಳೆದ ಸಲ 2023ರಲ್ಲಿ ಆಗಿದೆ. ಹೆಂಗಸರು ತಮ್ಮಷ್ಟೇ ಎತ್ತರದ ರೊಟ್ಟಿ ಹೂವಿನ ತೇರನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಮುಂದಿನದು 2027ರ ಜುಲೈಗೆ. ಅದಕ್ಕೆ ಹೋಗುವವರು ಈಗಲೇ ಕೊಠಡಿ ಹಿಡಿಯಬೇಕು, ಮಠ ಮಾತ್ರ ನೋಡುವವರು ಆ ದಿನಗಳನ್ನು ಬಿಡಬೇಕು. ಜನವರಿ 1, ಈಸ್ಟರ್ ಭಾನುವಾರ, ಮೇ 1, ಡಿಸೆಂಬರ್ 25ರಂದು ಈ ಮಠಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಟಿಕೆಟ್ ನಿಲ್ಲಿಸುತ್ತಾರೆ, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ.

ಲಿಸ್ಬನ್ನಿನೊಳಗೇ ಇರುವ ಜೆರೋನಿಮೊಸ್ ಮಠಕ್ಕೆ ಗೈಡೂ ಕಾರೂ ಬೇಡ, ಟ್ರಾಮ್ ಸಾಕು. ಪೂರ್ವದ ವ್ಯಾಪಾರದ ತೆರಿಗೆಯಿಂದ, ಅಂದರೆ ಮಲೆನಾಡು ಮಲಬಾರಿನ ಮೆಣಸೂ ಸೇರಿದ ದುಡ್ಡಿನಿಂದ, ಎದ್ದ ಕಟ್ಟಡ. ಗಾಮನ ಸಮಾಧಿ ಇರುವುದು ಅಲ್ಲೇ. ಅದಕ್ಕೆ ಸೋಮವಾರ ರಜೆ. ಆದ್ದರಿಂದ ಅಲ್ಕೊಬಾಸಾ, ತೊಮಾರ್ ಪ್ರವಾಸವನ್ನು ಸೋಮವಾರಕ್ಕೇ ಇಟ್ಟುಕೊಳ್ಳಿ, ದಿನ ಉಳಿಯುತ್ತದೆ.